ಲೈನ್‌ಮನ್ನನ ವಲ್ಲಿ

ದೇವದುರ್ಗದ ಕಡೆಗೆ ಮೊದಲ ಸಲ ಹೋದ ದಿನ ಜೀಪಿನ ಗಾಜು ಒಡೆದು ಬಂದ ಕಲ್ಲು ನನ್ನ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು. ವಿದ್ಯುತ್ತಿನ ಅಪಾಯಗಳ ಬಗ್ಗೆ ಮೈಸೂರಿನಲ್ಲಿ ನಾನು ಬರೆದ ಪರೀಕ್ಷೆಗಳಲ್ಲಿ ಕಲ್ಲಿನ ಪ್ರಸ್ತಾಪ ಇರಲಿಲ್ಲ.

ಆಗ ಎಂಬತ್ತರ ದಶಕದ ಆರಂಭ. ರಾಯಚೂರಿಗೆ ಬಂದು ತಿಂಗಳೂ ಆಗಿರಲಿಲ್ಲ. ವಿದ್ಯುತ್ ಸುರಕ್ಷತೆಯ ನಿಯಮಗಳನ್ನು ಜಾರಿ ಮಾಡುವುದು ನನ್ನ ಕೆಲಸ. ಮಾನ್ವಿಯ ಅಕ್ಕಿ ಗಿರಣಿಗಳ ವೈರಿಂಗ್ ನೋಡಬೇಕು, ಕರೆಂಟು ಹೊಡೆದು ಯಾರಾದರೂ ಸತ್ತರೆ ಕಾರಣ ಹೇಳಬೇಕು. ಒಂಟಿ ಹೆಣ್ಣಿಗೆ ಬಾಡಿಗೆ ಮನೆ ಸಿಗದೆ ಅಲೆದ ಮೇಲೆ ನಿವೃತ್ತ ಶಿಕ್ಷಕಿಯೊಬ್ಬರು ಮಾಳಿಗೆಯ ಕೋಣೆ ಕೊಟ್ಟಿದ್ದರು. ಮೈಸೂರಿನಲ್ಲಿ ಬಾಗಿಲು ಹಾಕಿದರೆ ಬಿಸಿಲು ಹೊರಗೆ ಉಳಿಯುತ್ತದೆ. ಇಲ್ಲಿ ಅದು ಗೋಡೆಯೊಳಗೇ ವಾಸ. ಪುಂಡಿಪಲ್ಯದ ಹುಳಿ ನಾಲಿಗೆಗೆ ಒಗ್ಗಿತ್ತು, ಮಾತು ಒಗ್ಗಿರಲಿಲ್ಲ. ಕಚೇರಿ ಬಿಟ್ಟ ಮೇಲೆ ನನ್ನ ದನಿಯನ್ನು ನಾನೇ ಕೇಳುತ್ತಿರಲಿಲ್ಲ.

ಅಂದು ಹಳ್ಳಿಯೊಂದರಲ್ಲಿ ಮಲ್ಲಪ್ಪ ಎಂಬ ಲೈನ್‌ಮನ್ ಕಂಬದ ಮೇಲೆಯೇ ಸುಟ್ಟು ಸತ್ತಿದ್ದ. ಅವನ ಊರಿನವರು ಟ್ರ್ಯಾಕ್ಟರಿನಲ್ಲಿ ಬಂದು ಸಬ್‌ಸ್ಟೇಷನ್ನಿಗೆ ಮುತ್ತಿಗೆ ಹಾಕಿದ್ದರು. ಲೈನಿಗೆ ಕರೆಂಟು ಬಿಟ್ಟ ಆಪರೇಟರ್ ಶರಣಪ್ಪ ಒಳಗೆ ಅಗಳಿ ಹಾಕಿಕೊಂಡಿದ್ದ. ಹೊರಗೆ ಬಡಿಗೆ, ಕೊಡಲಿ, ಸೀಮೆಎಣ್ಣೆಯ ಡಬ್ಬಿ.

“ಮೇಡಂ, ಇಳಿಬ್ಯಾಡ್ರಿ,” ಎಂದ ಡ್ರೈವರ್ ಖಾಜಾ. ನಾನು ಅಷ್ಟರಲ್ಲಿ ಇಳಿದಿದ್ದೆ.

“ನೋಡ್ರಲೇ, ಹೆಣ್ಮಗಳನ್ನ ಕಳಿಸ್ಯಾರ. ಗಂಡಸ್ರು ಮುಗದ್ರೇನು ಸರ್ಕಾರದಾಗ?” ಎಂದನೊಬ್ಬ. ಕೆಲವರು ನಕ್ಕರು. ಸತ್ತವನ ಅಣ್ಣ ಭೀಮಣ್ಣ ಮಾತ್ರ ನಗಲಿಲ್ಲ. ಅವನು ಕೊಡಲಿಯಿಂದ ಬಾಗಿಲಿಗೆ ಹೊಡೆಯುತ್ತಲೇ ಇದ್ದ. ಸಿಬಿರುಗಳು ಹಾರುತ್ತಿದ್ದವು.

ಕಿಟಕಿಯ ಸರಳುಗಳ ನಡುವಿನಿಂದ ಶರಣಪ್ಪ ನೀಲಿ ಅಂಚಿನ ಬಟ್ಟೆಯೊಂದನ್ನು ಹೊರಕ್ಕೆ ಚಾಚಿದ. “ವಲ್ಲಿ ಬಂದಿತ್ತ್ರೀ ಮೇಡಂ! ವಲ್ಲಿ ಬಂದ ಮ್ಯಾಲನ ಹಾಕೀನಿ!”

ವಲ್ಲಿ ಎಂದರೆ ಹೆಗಲ ಮೇಲಿನ ಟವೆಲು. ಖಾಜಾ ಬೇಗಬೇಗ ವಿವರಿಸಿದ. ಹಳ್ಳಿಗಳಲ್ಲಿ ಫೋನಿಲ್ಲ. ಲೈನ್‌ಮನ್ ಕಂಬದ ಕೆಲಸ ಮುಗಿಸಿ ಇಳಿದರೆ ತನ್ನ ವಲ್ಲಿಯನ್ನು ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಾನೆ. ಅದು ಸಬ್‌ಸ್ಟೇಷನ್ ಮುಟ್ಟಿತೆಂದರೆ ಇಳಿದಿದ್ದಾನೆ ಎಂದರ್ಥ. ಆಪರೇಟರ್ ಸ್ವಿಚ್ಚು ಹಾಕುತ್ತಾನೆ. ಎಷ್ಟೋ ವರ್ಷಗಳಿಂದ ಹೀಗೇ ನಡೆದಿತ್ತು. ನಾನು ಓದಿದ ಯಾವ ನಿಯಮದಲ್ಲೂ ಇದು ಇರಲಿಲ್ಲ.

ಸತ್ತವನ ತಾಯಿ ನೆಲದ ಮೇಲೆ ಕೂತಿದ್ದಳು. ಕಿಟಕಿಯಿಂದ ಇಸಿದುಕೊಂಡ ವಲ್ಲಿಯನ್ನು ಅವಳ ಮುಂದೆ ಹಿಡಿದು, “ಇದು ನಿಮ್ಮ ಮಗನದೇ?” ಎಂದೆ.

“ಅವನದ. ಮುಂಜಾನಿ ನಾನ ಒಗದು ಕೊಟ್ಟಿದ್ದೆ.”

ನಾನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಪ್ರಶ್ನೆ ಹಾಕಿದೆ. “ವಲ್ಲಿ ಕೊಟ್ಟ ಮೇಲೆ ಅವರು ಮತ್ತೆ ಕಂಬ ಯಾಕೆ ಹತ್ತಿದರು?”

ಬಾಗಿಲ ಸದ್ದು ನಿಂತಿತು. ಭೀಮಣ್ಣನ ಕೈಯಿಂದ ಕೊಡಲಿ ಜಾರಿತು.

“ನಾನ ಅಂದೆ,” ಎಂದ. “ನನ್ನ ಪಂಪಿನ ವಯರ್ ಸಡ್ಲ ಆಗಿತ್ತು. ಬಸ್ಸು ಊರೂರಿಗೆ ನಿಂತು ಹೋಗ್ತದ, ಮುಟ್ಟೂದ್ರಾಗ ಇಳೀತಿ, ಹತ್ತೋ ಅಂದೆ.”

ಅಂದು ಸಂತೆಯಿರಲಿಲ್ಲ. ಬಸ್ಸು ಎಲ್ಲಿಯೂ ಹೆಚ್ಚು ನಿಲ್ಲದೆ ಬಂದಿತ್ತು.

ಶರಣಪ್ಪ ಬದುಕಿದ. ಆದರೆ ಆಪರೇಟರನಿಗೆಂದು ತಂದ ಬಡಿಗೆಗಳು ಭೀಮಣ್ಣನ ಮೇಲೆ ಬಿದ್ದವು. ಅವನ ಸ್ವಂತ ಚಿಕ್ಕಪ್ಪನೇ ಮೊದಲು ಹೊಡೆದ. ಮೊಣಕೈ ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ನಾನೂ ಖಾಜಾನೂ ನುಗ್ಗಿದೆವು. ಯಾರೋ ನನ್ನನ್ನು ಜಡೆ ಹಿಡಿದು ಆಚೆಗೆಸೆದರು. ಕೊನೆಗೆ ತಾಯಿಯೇ ಅವನ ಮೇಲೆ ಕವುಚಿ ಬಿದ್ದು, “ಇದೊಂದನ್ನಾರ ಬಿಡ್ರೋ,” ಎಂದಳು. ಆಗ ನಿಲ್ಲಿಸಿದರು.

ಲೈನ್‌ಮನ್ ತಾನೇ ಬಂದು ಎದುರಿಗೆ ನಿಂತು ಹೇಳದೆ ಯಾರೂ ಸ್ವಿಚ್ಚು ಹಾಕಕೂಡದು ಎಂದು ವರದಿಯಲ್ಲಿ ಸೂಚಿಸಿದೆ. ಅದು ಆದೇಶವಾಯಿತು. ನನ್ನ ಉದ್ಯೋಗದ ಮೊದಲ ಗೆಲುವು ಅದು. ಊರಿಗೆ ಬರೆದ ಕಾಗದದಲ್ಲಿ ಅಷ್ಟನ್ನೇ ತಿಳಿಸಿದೆ.

ಸುಗ್ಗಿಯ ಹೊತ್ತಿಗೆ ತಪಾಸಣೆಗೆಂದು ಆ ಹಳ್ಳಿಗೆ ಹೋದಾಗ ಮಲ್ಲಪ್ಪನ ತಾಯಿ ಒಳಗೆ ಕರೆದಳು. ಡೊಂಕಾಗಿ ಕೂಡಿದ ಕೈಯ ಭೀಮಣ್ಣ ನನ್ನನ್ನು ಕಂಡು ಎದ್ದು ಹೋದ. ಅವಳು ಬಿಸಿ ರೊಟ್ಟಿ ಬಡಿಸಿದಳು. ನಾನು ಈಗ ಅವರ ಹಾಗೆಯೇ ಮುರಿದು ತಿನ್ನಬಲ್ಲೆ, ಅವರ ಹಾಗೆಯೇ “ಸಾಕ್ರೀ” ಎನ್ನಬಲ್ಲೆ.

“ನಮ್ಮ ಮಂದಿಹಂಗ ಉಣ್ಣಾಕತ್ತಿ,” ಎಂದಳು. ಒಲೆಯ ಕಟ್ಟಿಗೆಯನ್ನು ಒಳಕ್ಕೆ ತಳ್ಳಿದಳು. “ಆವತ್ತು ನೀ ಕೇಳಿದ್ದು ಖರೇನ ಅದ, ಯವ್ವಾ. ಆದ್ರ ನಮ್ಮ ಊರಾಕಿ ಆಗಿದ್ರ ಕೇಳತಿದ್ದಿಲ್ಲ.”

ಮತ್ತೊಂದು ರೊಟ್ಟಿ ಹಾಕಿದಳು. ನಾನು ಬೇಡವೆನ್ನಲಿಲ್ಲ.