ಫ್ರೀಜರಿಗೆ ರಜೆ ಕೊಟ್ಟ ಹಂಪಣ್ಣ

ಶಹಾಪುರದ ನಮ್ಮ ಕಾಲೇಜಿನಲ್ಲಿ ಹಂಪಣ್ಣ ಪ್ರಯೋಗಾಲಯದ ಜವಾನ. ಯಂತ್ರಗಳೆಂದರೆ ಆತನಿಗೆ ಮನೆಯ ಎತ್ತುಗಳಿದ್ದಂತೆ. ಮೈಕ್ರೋಸ್ಕೋಪು ಒರೆಸುವಾಗಲೂ "ಭಾಳ ದಣದೀಯಪಾ" ಎಂದು ಮಾತಾಡಿಸುತ್ತಾನೆ. ಲೈಬ್ರರಿ ನೋಡಿಕೊಳ್ಳುವ ನನ್ನನ್ನು ಮಾತ್ರ ಎಂದೂ ಹಾಗೆ ವಿಚಾರಿಸಿದವನಲ್ಲ. ಕೂತವನಿಗೆ ಎಂಥ ದಣಿವು ಎಂಬುದು ಆತನ ವಾದ.

ರಸಾಯನಶಾಸ್ತ್ರದ ಗುರುದೇವಿ ಮೇಡಂ ಕೃತಕ ಡಿಎನ್‌ಎ ಎಳೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ಔಷಧಿಯಾಗಬೇಕಾದ ಇಂಥ ಎಳೆ ರಕ್ತ ಸೇರಿದರೆ ಅಲ್ಲಿನ ಕಿಣ್ವಗಳು ಕತ್ತರಿಸಿಬಿಡುತ್ತವಂತೆ. ಅದಕ್ಕೆಂದೇ ಮೇಡಂ ಎಳೆಯ ಬೆನ್ನೆಲುಬಿನಲ್ಲಿ ಅಲ್ಲಲ್ಲಿ ಆಮ್ಲಜನಕ ತೆಗೆದು ಗಂಧಕ ಕೂರಿಸಿದ್ದರು.

"ಗಂಧಕ ಪಟಾಕಿಗಿ ಹಾಕತಾರಲ್ರಿ?" ಹಂಪಣ್ಣ ಹಿಂದೆ ಸರಿದಿದ್ದ.

"ಹೆದರಬ್ಯಾಡ್ರಿ ಕಾಕಾ. ಸರದಾಗಿನ ಮಣಿ ಅವೇ ಅದಾವ, ದಾರ ಅಷ್ಟ ಗಟ್ಟಿ ಮಾಡೀನಿ."

ಹೋದ ದಸರೆಗೆ ಮುಂಚೆ ಅವರು ಸಾದಾ ಎಳೆ, ಗಂಧಕದ ಎಳೆ ಎರಡನ್ನೂ ರಕ್ತದ ಸೀರಮ್ಮಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಕಿಣ್ವದ ಕೆಲಸ ಅಲ್ಲಿಗೇ ನಿಲ್ಲಲೆಂದು ಫ್ರೀಜರಿನಲ್ಲಿಟ್ಟರು. ರಜೆ ಮುಗಿದ ಮೇಲೆ ಅಳೆಯುವುದಿತ್ತು. ಬೇರೆ ಎಳೆ ಉಳಿದಿರಲಿಲ್ಲ. ಇವು ಕೆಟ್ಟರೆ ವರ್ಷಗಟ್ಟಲೆ ಮಾಡಿದ್ದಕ್ಕೆಲ್ಲ ಎಳ್ಳುನೀರು.

ನಮ್ಮ ಕಡೆ ಖಂಡೇಪೂಜೆ, ಅಂದರೆ ಆಯುಧಪೂಜೆಯಂದು, ಪೂಜೆಗೊಂಡ ಸಲಕರಣೆಗೆ ಕೆಲಸ ಹಚ್ಚುವುದಿಲ್ಲ. ಹಂಪಣ್ಣ ಎಲ್ಲ ಯಂತ್ರಗಳಿಗೂ ವಿಭೂತಿ ಬಳಿದು, ಚೆಂಡುಹೂ ಏರಿಸಿ, ಕಾಯಿ ಒಡೆದ. ಆಮೇಲೆ ಫ್ರೀಜರಿನ ಪ್ಲಗ್ಗು ಕಿತ್ತ. ಬೀಗ ಜಡಿದು, ಹೆಂಡತಿ ಭಾಗಮ್ಮನ ತವರಾದ ಶಿರವಾಳಕ್ಕೆ ಹೋಗಿ ಹೊಟ್ಟೆತುಂಬ ಹೋಳಿಗೆ ಉಂಡ.

ರಜೆ ಮುಗಿಸಿ ಬಂದು, ಮೇಡಂ ಮತ್ತು ನನ್ನೆದುರೇ ಆತ ಬೀಗ ತೆಗೆದರೆ ನೆಲವೆಲ್ಲ ನೀರು.

"ಕಾಕಾ, ಏನ್ ಮಾಡೀರಿ ಇದು?"

"ವರ್ಷಾನಗಟ್ಲೆ ಗುರ್ ಅಂತ ದುಡೀತದ ಪಾಪ. ನಾಕ್ ದಿನ ಮಲಗಲಿ ಅಂದೇನ್ರಿ."

ಮೇಡಂ ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. "ಭಾಗಮ್ಮಗ ಎಂದಾರ ಒಂದಿನ ರಜಾ ಕೊಟ್ಟೀ ಏನೋ?" ಎಂದೆ. ಹಂಪಣ್ಣ ಗೋಣಿಚೀಲ ತಂದು ನೆಲ ಒರೆಸತೊಡಗಿದ.

ಆದದ್ದಾಗಲಿ ಎಂದು ಮೇಡಂ ಮಧ್ಯಾಹ್ನ ಎರಡೂ ಎಳೆಗಳನ್ನು ಲೋಳೆಯಂಥ ಜೆಲ್ಲಿನಲ್ಲಿ ಕರೆಂಟು ಹಾಯಿಸಿ ಓಡಿಸಿದರು. ಎಳೆ ಉಳಿದಿದ್ದರೆ ಅಲ್ಲಿ ಒಂದು ಗೆರೆ ಕಾಣಬೇಕು. ಸಾದಾ ಎಳೆಯ ಸಾಲು ಖಾಲಿ ಹೊಡೆಯುತ್ತಿತ್ತು. ಗಂಧಕದ ಸಾಲಿನಲ್ಲಿ ಗೆರೆ ನಿಂತಿತ್ತು. ಅಷ್ಟು ದಿನ, ಅಂಥ ಸೆಕೆಯಲ್ಲಿ ಎಳೆಗಳನ್ನು ಬಿಟ್ಟು ಪರೀಕ್ಷಿಸುವ ಧೈರ್ಯ ಮೇಡಂಗೇ ಇರಲಿಲ್ಲ. ಹಂಪಣ್ಣ ತಿಳಿಯದೆಯೇ ಆ ಪರೀಕ್ಷೆ ಮಾಡಿಬಿಟ್ಟಿದ್ದ.

"ಉಳದಾವ ಕಾಕಾ," ಎಂದರು, ಅಳುತ್ತಲೇ ನಗುತ್ತ.

"ಇಬೂತಿ ಹಚ್ಚಿದ್ನಲ್ರಿ."

"ಎರಡೂ ಅದ ಫ್ರೀಜರಿನಾಗ ಇದ್ದವಲ್ಲ ಕಾಕಾ."

ಹಂಪಣ್ಣ ಯೋಚಿಸಿದ. "ಸಾದಾ ಎಳಿಗಿ ಭಕ್ತಿ ಕಮ್ಮಿ ಬಿದ್ದೀತ್ರಿ."

ಈ ವರ್ಷ ದಸರೆಯ ರಜೆಯಲ್ಲಿ ಕಾಲೇಜಿನ ಕಡೆ ಹಾಯ್ದರೆ, ಹಂಪಣ್ಣ ಫ್ರೀಜರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಕರೆಂಟು ಹೋದರೆ ಅದರೊಳಗೆ ತುಂಬಲೆಂದು ಬಕೆಟ್ಟಿನಲ್ಲಿ ಐಸು ತಂದಿಟ್ಟಿದ್ದ. ಭಾಗಮ್ಮ ಒಬ್ಬಳೇ ತವರಿಗೆ ಹೋಗಿದ್ದಳಂತೆ. "ಅಕಿಗೂ ರಜಾ ಕೊಟ್ಟೀನ್ರಿ," ಎಂದ. ನಾನೂ ಒಂದು ಕುರ್ಚಿ ಎಳೆದುಕೊಂಡೆ.

ಸಂಜೆ ಗುರುದೇವಿ ಮೇಡಂ ಬನ್ನಿ ಎಲೆ ಹಿಡಿದು ಬಂದರು. ಈಗ ಅವರು ಡಾಕ್ಟರ್ ಗುರುದೇವಿ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಕಾಕಾ," ಎಂದು ಎಲೆ ಕೊಟ್ಟು, ಬಗ್ಗಿ ಆತನ ಕಾಲು ಮುಟ್ಟಿದರು. ಹಂಪಣ್ಣನ ಕಣ್ಣು ತುಂಬಿದವು. ಆ ಎಲೆಗಳಲ್ಲೇ ಒಂದನ್ನು ಫ್ರೀಜರಿನ ಮೇಲಿಟ್ಟ, ಇನ್ನೊಂದನ್ನು ನನ್ನ ಕೈಗಿತ್ತ.

"ನೀವೂ ಭಾಳ ದಣದೀರಿ. ಮನಿಗಿ ಹೋಗ್ರಿ," ಎಂದ.