ಕೆತ್ತುವ ಯಂತ್ರಕ್ಕಾಗಿ ಕಟ್ಟಿದ ಗೋಡೆ

ವೈನಿಗೂ ನನಗೂ ಮಾತು ಮುರಿದದ್ದು ಒಂದು ಹಲಗೆಯ ದೆಸೆಯಿಂದ. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಬ್ಯಾಡಗಿಯ ನಮ್ಮ ಮನೆಗೆ ಸೊಸೆಯಾಗಿ ಬಂದವಳು, ನನ್ನ ಡಬ್ಬಿಗೆ ರೊಟ್ಟಿ ಕಟ್ಟಿ ಸಾಲೆಗೆ ಕಳಿಸಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದೆ ನಾನು ಮಾಡಿದ್ದು ಎಷ್ಟು ಕೆಟ್ಟದ್ದೆಂದು ಓದುವವರಿಗೆ ಗೊತ್ತಾಗುವುದಿಲ್ಲ.

ಅಣ್ಣ ತೀರಿಕೊಂಡ ಮೇಲೆ ಮನೆ ಎರಡಾಯಿತು. ರಸ್ತೆ ಕಡೆಯ ಕೋಣೆಗಳು, ಅಡುಗೆಮನೆ ವೈನಿಗೆ. ಹಿಂದಿನ ಕೋಣೆ ಮತ್ತು ಹಿತ್ತಲಿನ ತಗಡಿನ ಶೆಡ್ಡು ನನಗೆ. ನಾನು ಮದುವೆಯಾಗಲಿಲ್ಲ. ಅದು ಬೇರೆಯೇ ಜಗಳ, ಇಲ್ಲಿ ಬೇಡ. ಹಾವೇರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ದಿನವೆಲ್ಲ ಬೇರೆಯವರ ಅರ್ಜಿಗಳಿಗೆ ನಂಬರು ಹಾಕುವವನು ನಾನು. ಸಂಜೆ ಬಂದು ಶೆಡ್ಡಿಗೆ ಹೊಕ್ಕರೆ ಮಾತ್ರ ನನಗೂ ಎರಡು ಕೈ ಇವೆ ಎಂದು ನೆನಪಾಗುತ್ತಿತ್ತು.

ಶೆಡ್ಡಿನಲ್ಲಿ ಇದ್ದದ್ದು ಒಂದು ಸಣ್ಣ ಸಿಎನ್‌ಸಿ ರೂಟರ್. ಲ್ಯಾಪ್‌ಟಾಪಿನಲ್ಲಿ ಬಿಡಿಸಿದ ಚಿತ್ರವನ್ನು ಹಲಗೆಯಲ್ಲಿ ಕೆತ್ತಿಕೊಡುವ ಯಂತ್ರ. ಅತ್ತಿತ್ತ, ಹಿಂದೆ ಮುಂದೆ, ಮೇಲೆ ಕೆಳಗೆ ಓಡಿಸಲು ಮೋಟರುಗಳು, ನಡುವೆ ಗರಗರ ತಿರುಗುವ ಉಳಿ. ಬಿಡಿಬಿಡಿ ಭಾಗಗಳಲ್ಲಿ ಬಂದದ್ದನ್ನು ನಾನೇ ಜೋಡಿಸಿದ್ದೆ. ರಾಣೆಬೆನ್ನೂರಿನ ಫರ್ನಿಚರ್ ಅಂಗಡಿಯವರೊಬ್ಬರು ನಾನು ಕೆತ್ತಿದ ಒಂದು ತುಂಡನ್ನು ನೋಡಿ, ದೇವರಮನೆ ಬಾಗಿಲಿಗೆ ಜಾಲರಿಯ ಮಾದರಿ ಮಾಡಿಕೊಡಿ, ಚೆನ್ನಾಗಿ ಬಂದರೆ ಮುಂದಿನ ಬಾಗಿಲುಗಳೆಲ್ಲ ನಿಮಗೇ ಎಂದಿದ್ದರು. ಅಷ್ಟು ವರ್ಷದ ನೌಕರಿಯಲ್ಲಿ ನಾನು ಮಾಡಿದ ಒಂದು ವಸ್ತುವನ್ನು ಬೇಕೆಂದು ಕೇಳಿದವರು ಅವರೊಬ್ಬರೇ. ಆ ಜಾಲರಿ ಕೆಟ್ಟರೆ ನಾನು ಮತ್ತೆ ಬರೀ ಗುಮಾಸ್ತ. ಹೀಗಿತ್ತು ನನ್ನ ತಲೆ.

ಜಾಲರಿ ಕೆಟ್ಟಿತು. ಶೆಡ್ಡಿನ ಬಾಗಿಲ ಪಕ್ಕದಲ್ಲೇ ಭಾಂಡೆ, ಅಂದರೆ ಪಾತ್ರೆ, ತಿಕ್ಕುವ ಕಲ್ಲು ಇತ್ತು. ವೈನಿ ದಿನಾ ಎರಡು ಹೊತ್ತು ಅಲ್ಲಿ ಕುಳಿತು ನೀರು ಚೆಲ್ಲಾಡುತ್ತಿದ್ದಳು. ಯಂತ್ರದ ಕೆಳಗೆ ಹಾಸಿದ್ದು ಮರದ ಪುಡಿ ಒತ್ತಿ ಮಾಡಿದ ಹಲಗೆ. ತಗಡಿನ ಸಂದಿಯಿಂದ ನೀರು ಸಿಡಿದು ಅದರ ಒಂದು ಮೂಲೆ ರೊಟ್ಟಿಯಂತೆ ಉಬ್ಬಿತ್ತು. ಮೇಲಿಟ್ಟ ಸಾಗವಾನಿ ಮರದ ಹಲಗೆ ಓರೆಯಾಗಿ, ಉಳಿ ಒಂದು ಕಡೆ ಆಳಕ್ಕೆ ಇಳಿದು ಜಾಲರಿಯ ಎಲೆಗಳನ್ನೆಲ್ಲ ತಿಂದುಹಾಕಿತ್ತು. ನನ್ನ ಪಿತ್ತ ನೆತ್ತಿಗೇರಿತು.

"ನಿಮ್ಮ ಭಾಂಡೆ ನೀರು ನನ್ನ ಬದುಕ ಹಾಳ ಮಾಡಿತು. ಇನ್ನ ಇಲ್ಲಿ ತಿಕ್ಕೂದು ಬ್ಯಾಡ" ಎಂದೆ.

"ನೀರು ಸಿಡೀದಂಗ ಭಾಂಡೆ ತಿಕ್ಕೂದು ನಂಗ ಬರಂಗಿಲ್ಲಪಾ. ಈ ಮನೀಗೆ ಬಂದಾಗಿಂದ ಇದ ಕಲ್ಲಿನ ಮ್ಯಾಲ ತಿಕ್ಕೇನಿ" ಎಂದಳು ಆಕೆ.

ಮರು ಭಾನುವಾರ ಗೌಂಡಿಯನ್ನು ಕರೆಸಿ ಹಿತ್ತಲಿಗೆ ಅಡ್ಡ ಎದೆಯೆತ್ತರದ ಗೋಡೆ ಹಾಕಿಸಿದೆ. ಕಲ್ಲು ನನ್ನ ಕಡೆ ಉಳಿಯಿತು. ವೈನಿಗೆ ತಿಕ್ಕಲು ಜಾಗ ಉಳಿದದ್ದು ಮನೆಯ ಮುಂದೆ, ಗಟಾರದ ಪಕ್ಕ, ಹೋಗುವವರು ಬರುವವರು ನೋಡುವ ಕಡೆ. ಅರವತ್ತು ದಾಟಿದ ಹೆಂಗಸು ಅಲ್ಲಿ ಕುಕ್ಕರಗಾಲಲ್ಲಿ ಕೂತು ಬೂದಿ ಹಾಕಿ ತಿಕ್ಕುವಾಗ ನಾನು ಆ ನೊರೆ ದಾಟಿಕೊಂಡು ಹಾವೇರಿ ಬಸ್ಸಿಗೆ ಹೋಗುತ್ತಿದ್ದೆ. ಮುಖ ನೋಡುತ್ತಿರಲಿಲ್ಲ. ಆ ದಿನದಿಂದ ಆಕೆ ನನಗೆ 'ನೀ' ಅನ್ನುವುದನ್ನು ಬಿಟ್ಟು 'ನೀವು' ಅನ್ನತೊಡಗಿದಳು. ನಮ್ಮ ಕಡೆ ಮನೆಯವರನ್ನು ದೂರ ಇಡಲು ಅದಕ್ಕಿಂತ ಬೇರೆ ಬೈಗುಳ ಬೇಕಿಲ್ಲ.

ಒಂದು ತಿಂಗಳು ಯಂತ್ರ ಚೆನ್ನಾಗಿ ಓಡಿತು. ಕಲ್ಲಿನ ಸುತ್ತ ನೆಲ ಒಣಗಿತು. ಬಿಸಿಲು ಏರಿದಂತೆ ಎರೆಮಣ್ಣು ಬಾಯಿ ಬಿಟ್ಟಿತು. ನನಗೆ ಅದನ್ನು ನೋಡಿ ಸಮಾಧಾನವೇ ಆಗುತ್ತಿತ್ತು. ಹೊಸ ಸಾಗವಾನಿ ಹಲಗೆ ತಂದು ಎರಡನೆಯ ಜಾಲರಿ ಶುರು ಮಾಡಿದೆ.

ಯುಗಾದಿ ಮುಗಿದು ಎಂಟು ದಿನಕ್ಕೆ ಕಾಟ ಶುರುವಾಯಿತು. ಮೊದಲು ಅತ್ತಿತ್ತ ಓಡುವ ಮೋಟರು ತಡವರಿಸಿತು. ಗುಂಯ್ ಅನ್ನುತ್ತದೆ, ಅಲುಗುವುದಿಲ್ಲ. ಮೋಟರನ್ನೂ ಉದ್ದನೆಯ ತಿರುಪನ್ನೂ ಕೂಡಿಸುವ ಕಪ್ಲಿಂಗಿನ ಸ್ಕ್ರೂ ಸಡಿಲಾಗಿತ್ತು, ಬಿಗಿ ಮಾಡಿದೆ. ಮರುದಿನ ಓಡಾಟದಲ್ಲಿ ಮಡಚಿ ಮಡಚಿ ಒಂದು ವೈರು ಒಳಗೇ ತುಂಡಾಗಿದ್ದು ಸಿಕ್ಕಿತು, ಬದಲಿಸಿದೆ. ಓಡಿತು. ಗೆದ್ದೆ ಎಂದುಕೊಂಡೆ. ಉಳಿ ಚಾಲೂ ಮಾಡಿದ ಕೂಡಲೇ ಲ್ಯಾಪ್‌ಟಾಪಿಗೂ ಯಂತ್ರಕ್ಕೂ ಸಂಬಂಧವೇ ಕಡಿದುಹೋಯಿತು. ಪರದೆಯ ಮೇಲೆ 'ಕನೆಕ್ಷನ್ ಇಲ್ಲ' ಎಂಬ ಸುದ್ದಿ. ಅರ್ಧ ಕೆತ್ತಿದ ಎಲೆಯ ಮೇಲೆ ಉಳಿ ಒಂದೇ ಕಡೆ ತಿರುಗುತ್ತ ಮರ ಸುಡುತ್ತ ನಿಂತಿತ್ತು.

ಕೇಬಲ್ ಬದಲಿಸಿದೆ. ಅದಕ್ಕಿಂತ ಗಿಡ್ಡನೆಯದು ತಂದೆ. ಅದಕ್ಕಿಂತ ದಪ್ಪನೆಯದು ತಂದೆ. ಕಚೇರಿಯ ಗೆಳೆಯನ ಲ್ಯಾಪ್‌ಟಾಪ್ ಕೈಕಾಲು ಹಿಡಿದು ತಂದೆ. ಮಾರಿದವನಿಗೆ ಫೋನು ಮಾಡಿದರೆ, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ ಸರ್ ಎಂದ. ಆ ಮಾತು ಕೇಳಲು ಆತನನ್ನು ಇಪ್ಪತ್ತು ಸಲ ಕರೆದಿದ್ದೆ. ಚಾರ್ಜರ್ ಕಿತ್ತು ಬರೀ ಬ್ಯಾಟರಿಯ ಮೇಲೆ ಓಡಿಸಿದರೆ ಹತ್ತು ನಿಮಿಷ ಸುಮ್ಮನಿದ್ದು ಆಮೇಲೆ ಕೈಕೊಡುತ್ತಿತ್ತು. ಅಂದರೆ ದೋಷ ಕರೆಂಟಿನಲ್ಲಿದೆ. ಕರೆಂಟಿನಲ್ಲಿದ್ದರೆ ಅದಕ್ಕೆ ಕಾರಣ ಗೋಡೆಯ ಆಚೆಗಿನ ಮಿಕ್ಸರ್. ಈ ಲೆಕ್ಕಕ್ಕೆ ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ವೈನಿಯ ಮೇಲೆ ಹಾಕಲು ಒಂದು ತಪ್ಪು ಸಿಕ್ಕಿತಲ್ಲ ಎಂದು ಒಳಗೊಳಗೆ ಖುಷಿಯೇ ಆಯಿತು.

ಗೋಡೆಯ ಮೇಲಿಂದ ಕೂಗಿದೆ: "ನಾ ಕೆಲಸ ಮಾಡೂ ಮುಂದ ಮಿಕ್ಸರ್ ಹಚ್ಚಬ್ಯಾಡ್ರಿ!"

"ಚಟ್ನಿ, ಹಿಂಡಿ ಯಾವಾಗ ಮಾಡ್ಕೋಬೇಕ್ರಿ ಹಂಗಾರ?" ಎಂದಳು ವೈನಿ. ಆಮೇಲೆ, "ನಮ್ಮ ಫ್ರಿಜ್ಜೂ ಮುಟ್ಟಿದ್ರ ಝುಮ್ ಅಂತೈತಿ. ಯಾರಿಗರೆ ತೋರಸ್ರಿ" ಎಂದಳು.

"ಹಳೇದಾಗೈತಿ, ಅದಕ್ಕ. ಚಪ್ಪಲಿ ಹಾಕ್ಕೊಂಡು ಮುಟ್ರಿ."

"ದೇವರ ಜಗಲಿ ಇರೂ ಅಡಗಿಮನ್ಯಾಗ ಚಪ್ಪಲಿ ಹಾಕ್ಕೋಬೇಕೇನ್ರಿ?"

ನಾನು ನಕ್ಕು ಶೆಡ್ಡಿಗೆ ಹೋದೆ. ನಕ್ಕದ್ದು ಆಕೆಗೆ ಕೇಳಲಿ ಎಂದೇ ಗಟ್ಟಿಯಾಗಿ ನಕ್ಕೆ.

ಎರಡು ತಿಂಗಳು ಹೀಗೇ ಕಳೆಯಿತು. ಕೆಟ್ಟ ಹಲಗೆಗಳು ಮೂಲೆಯಲ್ಲಿ ಪೇರಿಸಿಕೊಂಡವು. ರಾಣೆಬೆನ್ನೂರಿನವರು ಫೋನು ಮಾಡಿ, ಆಗದಿದ್ದರೆ ಆಗದು ಅನ್ನಿ, ಬೇರೆಯವರಿಗೆ ಕೊಡುತ್ತೇವೆ ಎಂದರು. ಬರುವ ಸೋಮವಾರದವರೆಗೆ ತಡೆಯಿರಿ ಎಂದು ಬೇಡಿಕೊಂಡು, ಮೋಟೆಬೆನ್ನೂರಿನಿಂದ ವೈರಿಂಗ್ ಮಿಸ್ತ್ರಿಯನ್ನು ಕರೆಸಿದೆ. ನಮ್ಮ ಮನೆಗೆ ಮೊದಲು ವೈರಿಂಗ್ ಮಾಡಿದ ಸಾಬರು ಅವರು. ಅಣ್ಣನಿಗೆ ಬಹಳ ಬೇಕಾದವರು.

"ಈ ಮಷೀನು ನಂಗ ತಿಳಿಯಂಗಿಲ್ಲ ಸಾಹೇಬ್ರ. ಲೈನ್ ಅಷ್ಟ ನೋಡ್ತೇನಿ" ಎಂದು ಅವರು ಚೀಲದಿಂದ ಒಂದು ಬಲ್ಬು ತೆಗೆದರು. ಹೋಲ್ಡರಿನಿಂದ ಎರಡು ವೈರು ಹೊರಟ ಹಳೆಯ ಬಲ್ಬು. ಪ್ಲಗ್ಗಿನ ಎರಡು ತೂತಿಗೆ ಕೊಟ್ಟಾಗ ಝಗ್ಗನೆ ಹತ್ತಿತು. ಒಂದು ವೈರನ್ನು ಮೇಲಿನ ದೊಡ್ಡ ತೂತಿಗೆ, ಅಂದರೆ ದಾರಿ ತಪ್ಪಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗಿಗೆ ಕೊಟ್ಟಾಗ ಒಳಗಿನ ತಂತಿ ಕೆಂಡದಷ್ಟೂ ಕೆಂಪಾಗಲಿಲ್ಲ.

"ಅರ್ಥಿಂಗ್ ಸತ್ತೈತ್ರಿ" ಎಂದು ಅವರು ಎದ್ದು ಸೀದಾ ಹೊರಗೆ ಹೋಗಿ ಭಾಂಡೆ ಕಲ್ಲಿನ ಬುಡದಲ್ಲಿ ನಿಂತರು. "ರಾಡ್ ಹುಗಿದಿದ್ದು ಇಲ್ಲೇ. ನಿಮ್ಮ ಅಣ್ಣಾರ ಜಾಗಾ ತೋರಿಸಿದ್ರು. ದಿನಾ ಭಾಂಡೆ ನೀರು ಬೀಳ್ತೈತಿ, ಯಾವತ್ತೂ ಹಸಿ ಇರ್ತೈತಿ ಅಂದಿದ್ರು. ಈಗ ನೀರು ಎಲ್ಲಿ ಹೋತು?"

ನಾನು ಗೋಡೆ ನೋಡಿದೆ. ಅವರೂ ನೋಡಿದರು. ಬಿರುಕು ಬಿಟ್ಟ ಎರೆಮಣ್ಣು ರಾಡಿನ ಸುತ್ತ ಬೆರಳು ಹೋಗುವಷ್ಟು ಸರಿದಿತ್ತು.

"ಈ ಅರ್ಥಿಂಗ್ ಎರಡೂ ಮನೀಗೆ ಒಂದ ಐತಿ" ಎಂದರು ಮಿಸ್ತ್ರಿ. "ನಿಮ್ಮ ಮಷೀನಿನಾಗ ಸೋರೂ ಕರೆಂಟು ಭೂಮಿಗೆ ಇಳೀಲಿಲ್ಲಂದ್ರ ಆ ಮನೀಗೆ ಹೋಕ್ಕೈತಿ. ಅಲ್ಲಿ ಯಾರಿಗರೆ ಹೊಡದೈತೇನು?"

"ಫ್ರಿಜ್ಜು ಝುಮ್ ಅಂತೈತಿ ಅಂದಿದ್ರು."

"ಯಾವಾಗ?"

"ಯುಗಾದಿ ಆದ ಮ್ಯಾಲ."

ಅವರ ಮುಖ ಕೆಂಪಾಯಿತು. "ಅರೇ, ಎರಡು ತಿಂಗಳ! ಮಷೀನ್ ಚಾಲೂ ಇಡ್ರಿ. ಚಪ್ಪಲ್ ಬಿಟ್ಟು ಹೋಗಿ ನೀವ ಮುಟ್ಟಿ ಬರ್ರಿ. ಅಂಗೈಲೆ ಹಿಡೀಬ್ಯಾಡ್ರಿ, ಹಿಂಗೈ ತಾಗಸ್ರಿ."

ನನ್ನ ಕಾಲಲ್ಲಿ ಯಾವಾಗಲೂ ರಬ್ಬರ್ ಚಪ್ಪಲಿ. ಶೆಡ್ಡಿನಲ್ಲಿ ನನಗೆ ಒಂದು ದಿನವೂ ಏನೂ ತಾಗಿರಲಿಲ್ಲ. ಚಪ್ಪಲಿ ಬಿಟ್ಟು, ಮನೆಯ ಪಕ್ಕದ ಸಂದಿಯಿಂದ ಸುತ್ತಿ ಮುಂದಿನ ಬಾಗಿಲಿಗೆ ಬಂದೆ. ವೈನಿ ಗಟಾರದ ಪಕ್ಕ ಮಧ್ಯಾಹ್ನದ ಭಾಂಡೆ ತಿಕ್ಕುತ್ತಿದ್ದಳು. ಫ್ರಿಜ್ಜು ನೋಡಬೇಕಿತ್ತು ಎಂದೆ. "ನೋಡ್ರಿ" ಎಂದು ಹಸಿ ಕೈಯಲ್ಲೇ ಎದ್ದು ಹಿಂದೆ ಬಂದಳು. ಮನೆ ಎರಡಾದ ಮೇಲೆ ಆ ಅಡುಗೆಮನೆಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಫ್ರಿಜ್ಜಿನ ಹಿಡಿಕೆಗೆ ಹಿಂಗೈ ತಾಗಿಸಿದೆ. ಮೊಣಕೈವರೆಗೆ ಯಾರೋ ಕಚ್ಚಿ ಎಳೆದಂತಾಯಿತು. ಕೈ ಹಿಂದಕ್ಕೆ ಹಾರಿ ಗೋಡೆಗೆ ಬಡಿಯಿತು. ನಾನು ತಾಗಿಸಿದ್ದು ಒಣ ಕೈ. ಆಕೆಯ ಕೈ ದಿನವಿಡೀ ಹಸಿ. ನನಗೆ ನಿಜಕ್ಕೂ ಹೆದರಿಕೆಯಾಯಿತು, ನಾಚಿಕೆ ಆಮೇಲೆ ಬಂತು.

ಮಿಸ್ತ್ರಿ ಅಷ್ಟರಲ್ಲಿ ಯಂತ್ರ ಬಂದ್ ಮಾಡಿ ರಾಡಿನ ಬುಡಕ್ಕೆ ನಾಲ್ಕು ಕೊಡ ನೀರು ಸುರಿದಿದ್ದರು. ಸ್ವಲ್ಪ ಹೊತ್ತಿಗೆ ಅವರ ಬಲ್ಬು ಹತ್ತಿತು. ಹೊಸ ರಾಡ್ ಹಾಕುವವರೆಗೆ ದಿನಾ ನೀರು ಬೀಳಲೇಬೇಕು ಎಂದು ಹೇಳಿ, ನನ್ನ ಮುಖ ನೋಡದೆ ಹೋದರು. ಹೋಗುವಾಗ ಗಟಾರದ ಬಳಿ ವೈನಿಗೂ ಅದನ್ನೇ ಹೇಳಿದ್ದು ಸಂದಿಯಿಂದ ಕೇಳಿಸಿತು. ಉಳಿ ಚಾಲೂ ಮಾಡಿದೆ. ಸೋರುವ ಕರೆಂಟಿಗೆ ನೆಲ ಸಿಕ್ಕಿತ್ತು, ಕನೆಕ್ಷನ್ ಕಡಿಯಲಿಲ್ಲ. ಸೋಮವಾರದೊಳಗೆ ಜಾಲರಿ ಆಗುತ್ತದೆ ಎಂಬುದು ಖಾತ್ರಿಯಾಯಿತು.

ಮತ್ತೆ ಮುಂದೆ ಹೋಗಿ ನಿಂತೆ.

"ವೈನಿ, ನಾಳೆ ಗ್ವಾಡಿ ಒಡಸ್ತೇನಿ. ನೀವು ಮೊದಲಿನಂಗ ಹಿತ್ತಲದಾಗ ತಿಕ್ರಿ."

ಆಕೆ ತಿಕ್ಕುತ್ತಿದ್ದ ತಾಟನ್ನು ನೀರಲ್ಲಿ ಅದ್ದಿ ತೆಗೆದಳು. ತಲೆ ಎತ್ತಲಿಲ್ಲ.

"ನನ್ನ ಕರಿಯಾಕ ಬಂದೀರೇನ್ರಿ, ನಿಮ್ಮ ಮಷೀನಿಗೆ ನೀರು ಬೇಕಂತ ಬಂದೀರಿ?"

ನಿಮ್ಮನ್ನೇ ಕರೆಯಲು ಬಂದೆ ಎಂದು ಹೇಳಲು ಬಾಯಿ ತೆರೆದೆ. ಆದರೆ ಅಡುಗೆಮನೆಯಿಂದ ಹೊರಟಾಗ ಹೊಳೆಯದ ಈ ಗೋಡೆ ಒಡೆಸುವ ಮಾತು, ಜಾಲರಿ ಖಾತ್ರಿಯಾದ ಮೇಲೆ, ದಿನಾ ನೀರು ಹಾಕುವವರು ಯಾರು ಎಂದು ಯೋಚಿಸುವಾಗ ಹೊಳೆದದ್ದು. ಅದು ನನಗೆ ಗೊತ್ತಿತ್ತು. ಆಕೆಗೂ ಗೊತ್ತಾಯಿತು. ತೊಳೆದ ತಾಟುಗಳನ್ನು ಬುಟ್ಟಿಗೆ ತುಂಬಿಕೊಂಡು, ಸೊಂಟಕ್ಕೆ ಕೈ ಕೊಟ್ಟು ಎದ್ದು, ನನ್ನನ್ನು ಬಳಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.