ಇನ್ನೊಂದು ಹಿಡಿ ನೋಡ್ರಿ

ಕಾಲೇಜಿನ ಮೊದಲ ವಾರ ಪಾಠ ಇರುವುದಿಲ್ಲ, ಬರೀ ಪರಿಚಯ ಕಾರ್ಯಕ್ರಮ ಎಂದು ಹೇಳಿದ್ದರು. ಎರಡನೇ ದಿನವೇ ಇಂಗ್ಲಿಷ್ ಪರೀಕ್ಷೆ ಇಟ್ಟರು. ಇದರಲ್ಲಿ ಪಾಸು ಫೇಲು ಇಲ್ಲ, ಯಾರು ಯಾವ ಬ್ಯಾಚಿನಲ್ಲಿ ಕೂರಬೇಕು ಎಂದು ನೋಡುವುದಕ್ಕಷ್ಟೇ ಎಂದು ಇಂಗ್ಲಿಷ್ ಮೇಡಂ ನಗುತ್ತಾ ಹೇಳಿದರು. ಚೆನ್ನಾಗಿ ಬರೆದವರಿಗೆ ಮೂರೂವರೆಗೆ ಬಿಡುಗಡೆ. ಉಳಿದವರಿಗೆ ಬ್ರಿಜ್ ಕೋರ್ಸ್, ಸಂಜೆ ಆರರ ತನಕ.

ಆ ಆರು ಗಂಟೆಯೇ ನನ್ನ ಕುತ್ತಿಗೆಗೆ ಬರುವಂಥದ್ದು. ನಮ್ಮೂರು ತಿಕೋಟಾ. ನನ್ನನ್ನು ವಿಜಯಪುರಕ್ಕೆ ಕಳಿಸಲು ಆಯಿ, ಅಂದರೆ ಅಪ್ಪನ ತಾಯಿ, ಒಂದೇ ಕರಾರು ಹಾಕಿದ್ದಳು: ದೀಪ ಹಚ್ಚುವುದರೊಳಗೆ ಹುಡುಗಿ ಮನೆಯಲ್ಲಿರಬೇಕು. ತಪ್ಪಿದರೆ ಕಾಲೇಜು ಬಂದ್. ಅವಳ ಮಾತಿಗೆ ನಮ್ಮಲ್ಲಿ ಅಪೀಲು ಇಲ್ಲ. ದ್ರಾಕ್ಷಿ ಬೆಳೆಯುವವನು ಅಪ್ಪನಾದರೂ, ಅದು ಒಣಗಿ ಮಣೂಕವಾದ ಮೇಲೆ ಹೆಣ್ಣಾಳುಗಳನ್ನು ಶೆಡ್ಡಿನಲ್ಲಿ ಕೂರಿಸಿ, ಹಸಿರು ಮೇಲಿನದು, ಹಳದಿ ನಡುವಿನದು, ಕರಿ ಕೊನೆಯದು ಎಂದು ಆರಿಸಿಸಿ ನಂಬರ್ ಕೊಡುವವಳು ಆಯಿ. ಸೊಸೆಯಂದಿರಿಗೂ ಮನಸ್ಸಿನಲ್ಲೇ ನಂಬರ್ ಕೊಟ್ಟಿದ್ದಾಳೆ ಎಂದು ನಮ್ಮವ್ವನಿಗೆ ಗುಮಾನಿ.

ಪರೀಕ್ಷೆಯ ಹೆದರಿಕೆ ಮಾತ್ರ ನನಗಿರಲಿಲ್ಲ. ಪಿಯುಸಿಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕ ತೆಗೆದವಳು ನಾನು. ಗೈಡನ್ನು ಪೂರ್ಣವಿರಾಮ ಸಮೇತ ಬಾಯಿಪಾಠ ಮಾಡಿದ್ದೆ. ಪ್ರಶ್ನೆಪತ್ರಿಕೆ ನೋಡಿದರೆ ಗೈಡಿನದು ಒಂದೂ ಇಲ್ಲ. ಇಂದು ಬೆಳಿಗ್ಗೆ ಏನೇನು ಮಾಡಿದಿರಿ, ಬರೆಯಿರಿ ಎಂದಿತ್ತು. ಬೆಳಿಗ್ಗೆ ಆಯಿ ಅಂಗೈಗೆ ಮೊಸರು ಸಕ್ಕರೆ ಹಾಕಿದ್ದಳು. ಅಪ್ಪನ ಬೈಕಿನ ಹಿಂದೆ ಕೂತು, ಅಥಣಿ ರಸ್ತೆಯ ಗಾಳಿಗೆ ಕೂದಲು ಕೆದರಿಕೊಂಡು ಬಂದಿದ್ದೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಯಾರು ಬಾಯಿಪಾಠ ಮಾಡಿಟ್ಟಿರುತ್ತಾರೆ? ಬೆಳಗಿನ ಸುದ್ದಿ ಬರುವಂಥ ಇಂಗ್ಲಿಷ್ ನನಗೆ ಗೊತ್ತಿದ್ದದ್ದು ಒಂದೇ, ರಜೆ ಅರ್ಜಿ. ಬೆಳಿಗ್ಗೆಯಿಂದ ವಿಪರೀತ ಜ್ವರ ಇರುವ ಕಾರಣ ಈ ದಿನ ತರಗತಿಗೆ ಹಾಜರಾಗಲು ಆಗುವುದಿಲ್ಲ, ದಯವಿಟ್ಟು ರಜೆ ಕೊಡಬೇಕು ಎಂದು ಒಂದು ತಪ್ಪೂ ಇಲ್ಲದೆ ಬರೆದೆ. ಕೆಳಗೆ ಸಹಿ ಹಾಕಿ, ಮೇಡಂ ಕೈಗೆ ನಾನೇ ಕೊಟ್ಟು ಬಂದೆ.

ಮರುದಿನ ಮಧ್ಯಾಹ್ನ ವಾಟ್ಸಾಪಿನಲ್ಲಿ ಬ್ರಿಜ್ ಕೋರ್ಸಿನವರ ಹೆಸರು ಬಂತು. ನನ್ನದೂ ಇತ್ತು, ಪಕ್ಕ ಕೂತಿದ್ದ ಬಬಲೇಶ್ವರದ ಹುಡುಗಿಯದೂ ಇತ್ತು. ಅವಳಿಗೇನು, ಹಾಸ್ಟೆಲಿನವಳು. "ಚಲೋ ಆತು, ಜೋಡಿ ಆದ್ವಿ," ಎಂದು ನಕ್ಕಳು. ನಾನು ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ.

ಅಪ್ಪ ವಿಜಯಪುರದಲ್ಲೇ, ಗಾಂಧಿ ಚೌಕಿನಲ್ಲಿ ಬಳ್ಳಿಗೆ ಹೊಡೆಯುವ ಔಷಧ ಕೊಳ್ಳುತ್ತಿದ್ದ. ಡಬ್ಬಿ ಕಂಕುಳಲ್ಲಿಟ್ಟುಕೊಂಡೇ ಬಂದು ಮೇಡಂ ಮುಂದೆ ನಿಂತ.

"ಮೇಡಂ, ನೀವು ಮ್ಯಾಲಿನ ಒಂದ ಹಿಡಿ ನೋಡಿ ಇಡೀ ಬಾಕ್ಸಿಗೆ ರೇಟ್ ಹಚ್ಚಾಕತ್ತೀರಿ. ನಮ್ಮ ಮಣೂಕದ ವ್ಯಾಪಾರಿ ಸೈತ ಹಂಗ ಮಾಡೂದಿಲ್ರಿ. ತಳಕ್ಕ ಕೈ ಹಾಕಿ ಇನ್ನೊಂದ ಹಿಡಿ ನೋಡ್ರಿ."

ಆ ಬಾಕ್ಸು ನಾನೇ ಎಂದು ತಿಳಿಯಲು ಮೇಡಂಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಗು ತಡೆದುಕೊಂಡು ನನ್ನ ಕಡೆ ತಿರುಗಿ, ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗೊತ್ತಿಲ್ಲದ ಪ್ರಶ್ನೆಯೇನಲ್ಲ. ತಕ್ಷಣ, "ಮೈ ಫಾದರ್ ಈಸ್ ಗ್ರೇಪ್ಸ್," ಎಂದೆ.

ಅಪ್ಪ ಹೆಮ್ಮೆಯಿಂದ ಮೇಡಂ ಮುಖ ನೋಡಿದ.

ಮೇಡಂ ನನ್ನ ರಜೆ ಅರ್ಜಿ ತೆಗೆದು ಅವನಿಗೆ ಕನ್ನಡದಲ್ಲಿ ಓದಿ ಹೇಳಿದರು. "ಯವ್ವಾ, ನಿನ್ನೆ ನಿನಗ ಜ್ವರ ಬಂದಿತ್ತೇನು?" ಎಂದು ಅಪ್ಪ ಗಾಬರಿಯಾಗಿ ನನ್ನ ಹಣೆ ಮುಟ್ಟಿದ. ಆಮೇಲೆ ಅವನಿಗೂ ಅರ್ಥವಾಯಿತು. "ಆತ್ರಿ ಮೇಡಂ. ನೀವು ಹಚ್ಚಿದ ರೇಟೇ ಖರೆ," ಎಂದು ಕೈ ಮುಗಿದು, ನನ್ನನ್ನು ಬೈಕಿಗೆ ಹತ್ತಿಸಿಕೊಂಡ. ಆಯಿಗೆ ತಾನೇ ಹೇಳುವುದಾಗಿಯೂ ನಾನು ಬಾಯಿ ಬಿಡಬಾರದೆಂದೂ ದಾರಿಯುದ್ದಕ್ಕೂ ಹೇಳಿದ.

ಆಯಿ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

"ಯವ್ವಾ, ನಿನ್ನ ಮೊಮ್ಮಗಳು ಒಂದನೇ ನಂಬರ್ ಬಂದಾಳ ನೋಡು," ಎಂದ ಅಪ್ಪ. "ಅದಕ್ಕ ಆಕೀನ ಆರಿಸಿ ತಗದು, ದಿನಾ ಆರರ ತನಕ ಬ್ಯಾರೆ ಪಾಠ ಹೇಳತಾರಂತ."

ಮೊರ ನಿಂತಿತು.

"ಒಂದನೇ ನಂಬರ್ ಮಾಲಿಗೆ ನಾ ಯಾವತ್ತರ ಹೆಣ್ಣಾಳನ್ನ ಸಂಜೀತನಕ ಕೂಡಿಸೇನೇನ್ಲೇ? ಕರೀದು ಹೆಚ್ಚಿದ್ದಾಗ ಆರಿಸಾಕ ಹೊತ್ತಾಕೈತಿ," ಎಂದಳು ಆಯಿ.

ಅಪ್ಪ ಚಪ್ಪಲಿ ಬಿಡುವುದರಲ್ಲಿ ಮುಳುಗಿಹೋದ. ಆಯಿ ನನ್ನತ್ತ ನೋಡಿದಳು. "ನನಗ ಬರಿಯಾಕ ಬರಲಿಲ್ಲ ಆಯಿ," ಎಂದು ಅತ್ತೇ ಬಿಟ್ಟೆ. ಕಾಲೇಜು ಇವತ್ತಿಗೆ ಮುಗಿಯಿತು ಎಂದೇ ಅನ್ನಿಸಿತ್ತು.

ಆಯಿ ಮತ್ತೆ ಮೊರ ಆಡಿಸತೊಡಗಿದಳು. "ಕರೀದು ಐತಂತ ನಾ ಯಾವ ಮಾಲೂ ತಿಪ್ಪೀಗಿ ಚೆಲ್ಲಿಲ್ಲ," ಎಂದು ಅಪ್ಪನಿಗೆ ಹೇಳಿದಳು. "ನೀ ಗಾಡಿ ತಗೊಂಡು ಹೋಗಿ ದಿನಾ ಕರಕೊಂಡ ಬಾ. ದೀಪಾ ನಾ ಆಕಿ ಬಂದ ಮ್ಯಾಲೆ ಹಚ್ಚತೀನಿ."

ಬ್ರಿಜ್ ಕೋರ್ಸ್ ಮುಗಿಯುವ ತನಕ ಓಣಿಯಲ್ಲೆಲ್ಲ ದೀಪ ಹತ್ತಿದರೂ ನಮ್ಮ ಮನೆ ಕತ್ತಲಲ್ಲಿರುತ್ತಿತ್ತು. ಆಯಿ ಕಡ್ಡಿಪೆಟ್ಟಿಗೆ ಹಿಡಿದು ಕಟ್ಟೆಯ ಮೇಲೆ ಬೈಕಿನ ಸದ್ದಿಗೆ ಕಾಯುತ್ತಿದ್ದಳು. ಹುಡುಗಿ ಎಷ್ಟೊತ್ತಿಗೆ ಬರತಾಳ ಎಂದು ನೆರೆಮನೆಯವರು ಕೇಳಿದರೆ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ, "ನಮ್ಮ ಹುಡುಗಿ ದೀಪಾ ಹಚ್ಚೂದರಾಗ ಮನಿ ಸೇರತಾಳ," ಎನ್ನುತ್ತಿದ್ದಳು.